ಸ್ವಿಚ್ಚಪ್ಪನವರ ವೈನ್ ಕೂಲರ್

ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕೆನ್ನುತ್ತಾರೆ. ಹಾಗಾದರೆ ಒಳ್ಳೆಯದನ್ನು ಮೊದಲು ಹೇಳಿ ಮುಗಿಸಿಬಿಡುತ್ತೇನೆ. ಅವರು ಲಂಚ ಮುಟ್ಟಿದವರಲ್ಲ. ಕೆಲಸಕ್ಕೆ ತಡವಾಗಿ ಬಂದವರಲ್ಲ. ಕಾರ್ಖಾನೆಯ ಪೇಂಟ್ ವಿಭಾಗದ ಒಬ್ಬನ ಹೆಂಡತಿಗೆ ಹೆರಿಗೆ ನೋವು ಬಂದಾಗ ತಮ್ಮ ಕಾರನ್ನೇ ಕೊಟ್ಟು, ತಾವು ಜಾಲಹಳ್ಳಿ ಕ್ರಾಸ್‌ತನಕ ನಡೆದು ಬಸ್ಸು ಹಿಡಿದು ಮನೆಗೆ ಹೋದರು. ಇಷ್ಟು ನಿಜ, ಇಷ್ಟು ಸಾಕು. ಹೋದ ತಿಂಗಳು ಅವರು ತೀರಿಕೊಂಡ ಮೇಲೆ ನಮ್ಮ ಹಳೆಯ ಕಾರ್ಖಾನೆಯವರ ವಾಟ್ಸಾಪ್ ಗುಂಪಿನಲ್ಲಿ ಉಳಿದ ಗುಣಗಾನವನ್ನೆಲ್ಲ ಬೇರೆಯವರು ಬರೆದಿದ್ದಾರೆ. ಕೈ ಮುಗಿದ ಚಿತ್ರಗಳೂ ಬೇಕಾದಷ್ಟು ಬಂದಿವೆ. ಯಾರೂ ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ.

ಹೆಸರು ಬೇಡ. ಪೀಣ್ಯದ ನಮ್ಮ ಕಾರ್ಖಾನೆಯಲ್ಲೂ ಅವರನ್ನು ಹೆಸರಿನಿಂದ ಕರೆದವರು ಕಡಿಮೆ. ಎದುರಿಗೆ ‘ಸಾರ್’, ಬೆನ್ನ ಹಿಂದೆ ‘ಸ್ವಿಚ್ಚಪ್ಪ’. ನಾವು ಐಸ್‌ಕ್ರೀಮ್ ಅಂಗಡಿಯವರಿಗೆ ದೊಡ್ಡ ಫ್ರೀಜರುಗಳನ್ನೂ, ತಂಪು ಪಾನೀಯದವರಿಗೆ ಗಾಜಿನ ಬಾಗಿಲಿನ ಕೂಲರುಗಳನ್ನೂ ತಯಾರಿಸುತ್ತಿದ್ದೆವು. ಅವರು ವರ್ಕ್ಸ್ ಮ್ಯಾನೇಜರ್, ನಾನು ಟೆಸ್ಟಿಂಗ್ ವಿಭಾಗದ ಸೂಪರ್‌ವೈಸರ್.

ಅವರ ಬಲಗೈ ತೋರುಬೆರಳು ಸದಾ ಸ್ವಲ್ಪ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ಗೋಡೆ ಕಂಡರೆ ಸಾಕು, ಆ ಬೆರಳು ಸ್ವಿಚ್ಚನ್ನು ಹುಡುಕುತ್ತಿತ್ತು. ಯಾರಾದರೂ ನೀರು ಕುಡಿಯಲು ಎದ್ದು ಹೋದರೆ ಬರುವಷ್ಟರಲ್ಲಿ ಫ್ಯಾನು ನಿಂತಿರುತ್ತಿತ್ತು. ಕ್ಯಾಂಟೀನಿನ ಕೊನೆಯ ಬೆಂಚಿನವರು ಇನ್ನೂ ಮುದ್ದೆ ಮುರಿಯುತ್ತಿರುವಾಗಲೇ ದೀಪ ಆರಿಹೋಗುತ್ತಿತ್ತು.

“ಸಾರ್, ಏನೂ ಕಾಣ್ತಿಲ್ಲ.”

“ಬಾಯಿ ಎಲ್ಲಿದೆ ಅಂತ ಗೊತ್ತಿಲ್ವೇನ್ರೀ ನಿಮಗೆ?”

ಆಯುಧ ಪೂಜೆಯ ದಿನ ಯಂತ್ರಗಳಿಗೆ ಸುತ್ತಿದ ಸೀರಿಯಲ್ ಲೈಟುಗಳು ಮಂಗಳಾರತಿಯ ಜೊತೆಗೇ ಆರುತ್ತಿದ್ದವು. ಒಡೆದ ಬೂದುಗುಂಬಳದ ಮೇಲೆ ಕಾಲಿಟ್ಟು ಜಾರದಂತೆ ನಾವು ಕಡಲೆಪುರಿಯ ಪೊಟ್ಟಣ ಹಿಡಿದು ಗೋಡೆ ತಡವಿಕೊಂಡು ಹೊರಗೆ ಬರುತ್ತಿದ್ದೆವು. ಸ್ವಂತ ಮಗಳ ಮದುವೆಯಲ್ಲಿ, ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ, ವಿಡಿಯೋದವನ ದೊಡ್ಡ ಲೈಟು ‘ಸುಮ್ಮನೆ ಉರೀತಿದೆ’ ಎಂದು ಆರಿಸಿದರು. ಆ ವಿಡಿಯೋದಲ್ಲಿ ಇವತ್ತಿಗೂ ಧಾರೆ ಕತ್ತಲಲ್ಲೇ ನಡೆಯುತ್ತದೆ. “ಉರಿಯೋದೆಲ್ಲಾ ಬೆಳಕಲ್ಲ ಕಣ್ರೀ, ಕರೆಂಟ್ ಬಿಲ್ಲು” ಎಂಬುದು ಅವರ ಮಂತ್ರ. ಅದನ್ನು ಕೇಳಿ ಜನ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ನಗುವವರು ಗಮನಿಸದಿದ್ದ ಸಂಗತಿ ಒಂದಿತ್ತು. ಆರಿಸುವುದು ಅವರ ಬೆರಳು, ಆದರೆ ಅದರಿಂದ ಏನಾದರೂ ಕೆಟ್ಟರೆ ‘ಆರಿಸಿದವನು ನಾನು’ ಎಂದು ಅವರು ಯಾವತ್ತೂ ಹೇಳಿದವರಲ್ಲ. ಕೇಳಿದರೆ ಸುತ್ತಮುತ್ತ ನೋಡುತ್ತಿದ್ದರು. ಅಲ್ಲಿ ಯಾರಿಗೆ ಎಲ್ಲರಿಗಿಂತ ಕಡಿಮೆ ಬಲವಿದೆಯೋ ಅವರ ಮೇಲೆ ಕಣ್ಣು ನಿಲ್ಲುತ್ತಿತ್ತು.

ನಾನು ಬೆಳೆದದ್ದು ತುಮಕೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ. ಏಳುವುದಕ್ಕೊಂದು ಗಂಟೆ, ಉಣ್ಣುವುದಕ್ಕೊಂದು ಗಂಟೆ, ದೀಪ ಆರಿಸುವುದಕ್ಕೊಂದು ಗಂಟೆ. ಆ ಶಿಸ್ತನ್ನೇ ಟೆಸ್ಟಿಂಗ್ ವಿಭಾಗಕ್ಕೂ ತಂದೆ. ನಮ್ಮಲ್ಲಿ ಒಂದು ನಿಯಮವಿತ್ತು: ಯಾರೇ ಆಗಲಿ, ಸ್ವಿಚ್ಚಿಗೆ ಕೈ ಹಾಕುವ ಮೊದಲು “ಆಫ್ ಮಾಡ್ತೀನಿ!” ಎಂದು ಕೂಗಬೇಕು. ಕೋಣೆಯಲ್ಲಿರುವ ಇನ್ನೊಬ್ಬರು “ಮಾಡಿ!” ಎಂದು ಉತ್ತರಿಸಿದ ಮೇಲೆಯೇ ಒತ್ತಬೇಕು. ಯಂತ್ರದೊಳಗೆ ಯಾರದೋ ಕೈ ಇರಬಹುದು, ಪರೀಕ್ಷೆ ನಡೆಯುತ್ತಿರಬಹುದು. ಹೊಸಬರು ನಾಚಿಕೊಳ್ಳುತ್ತಿದ್ದರು, ಒಂದು ವಾರದಲ್ಲಿ ಮನೆಯಲ್ಲೂ ಹಾಗೆಯೇ ಕೂಗಿ ಹೆಂಡತಿಯರಿಂದ ಬೈಸಿಕೊಳ್ಳುತ್ತಿದ್ದರು. ಆ ನಿಯಮ ಪಾಲಿಸದವರು ಇಡೀ ಕಾರ್ಖಾನೆಯಲ್ಲಿ ಒಬ್ಬರೇ.

ಒಂದು ಐಸ್‌ಕ್ರೀಮ್ ಕಂಪನಿಗಾಗಿ ಹೊಸ ಮಾದರಿಯ ಫ್ರೀಜರ್ ಮಾಡಿದ್ದೆವು. ಬಿಸಿ ಏರಿಸಿದ ಕೋಣೆಯಲ್ಲಿ ಅದನ್ನಿಟ್ಟು, ಅವರದೇ ಐಸ್‌ಕ್ರೀಮ್ ತುಂಬಿ, ಶನಿವಾರದಿಂದ ಸೋಮವಾರದವರೆಗೆ ಬಾಗಿಲು ತೆರೆಯದೆ ಓಡಿಸಬೇಕು. ಸೋಮವಾರ ಅವರ ಎದುರಿಗೇ ತೆರೆಯಬೇಕು. ಶನಿವಾರ ನಾನು ಯಂತ್ರ ಓಡುವ ಸದ್ದು ಕೇಳಿಸಿಕೊಂಡು, ಸ್ವಿಚ್ಚಿಗೆ ‘ಆಫ್ ಮಾಡಬೇಡಿ’ ಎಂಬ ಕೆಂಪು ಚೀಟಿ ಕಟ್ಟಿ ಮನೆಗೆ ಹೋದೆ.

ಸೋಮವಾರ ಬಾಗಿಲು ತೆರೆದಾಗ ಪಿಸ್ತಾ ಐಸ್‌ಕ್ರೀಮ್ ಹಸಿರು ಗಂಜಿಯಾಗಿ ಹುಳಿ ನಾತ ಹೊಡೆಯುತ್ತಿತ್ತು. ಕೆಂಪು ಚೀಟಿ ಇದ್ದಲ್ಲೇ ಇತ್ತು, ಸ್ವಿಚ್ಚು ಆಫ್ ಆಗಿತ್ತು. ಕಂಪನಿಯವರು, ನಮ್ಮ ಮಾಲೀಕರು, ನನ್ನ ವಿಭಾಗದವರು ಎಲ್ಲರೂ ಸ್ವಿಚ್ಚಪ್ಪನವರ ಸುತ್ತ ನಿಂತಿದ್ದರು. ಅವರು ಸುತ್ತಮುತ್ತ ನೋಡಿದರು. ಕಣ್ಣು ನನ್ನ ಮೇಲೆ ನಿಂತಿತು.

“ಮನೆಗೆ ಹೋಗೋ ಅವಸರದಲ್ಲಿ ಎಲ್ಲದರ ಜೊತೆ ಇದನ್ನೂ ಆಫ್ ಮಾಡ್ಕೊಂಡು ಹೋಗಿದಾರೆ. ಟೆಸ್ಟ್ ನಡೀತಿದೆ ಅನ್ನೋದನ್ನೇ ಮರೆತಿದಾರೆ. ಹೆಂಗಸರು ನೋಡಿ, ಶನಿವಾರ ಬಂದ್ರೆ ಮನಸ್ಸೆಲ್ಲಾ ಒಗ್ಗರಣೆ ಮೇಲೆ.”

“ಸಾರ್, ನಾನು ಆಫ್ ಮಾಡಿಲ್ಲ” ಎಂದೆ.

ಅವರು ಒಂದು ಪ್ಲಾಸ್ಟಿಕ್ ಚಮಚ ತೆಗೆದುಕೊಂಡು ಆ ಗಂಜಿಯಲ್ಲಿ ಅದ್ದಿ ನನ್ನ ಕೈಗೆ ಕೊಟ್ಟರು. “ತಗೊಳ್ಳಿ ಮೇಡಂ. ನಿಮ್ಮ ಕೆಲಸದ ರುಚಿ ನೀವೇ ನೋಡಿ.”

ನಾನು ರುಚಿ ನೋಡಿದೆ. ಯಾರೋ ಕಿಸಕ್ಕೆಂದರು.

ಅಂದು ಸಂಜೆ ಗೇಟಿನ ಕಾವಲಿನ ಬಸಣ್ಣ ನನ್ನನ್ನು ಬಸ್ ಸ್ಟಾಪಿನಲ್ಲಿ ಹಿಡಿದ. ಬಾಗಲಕೋಟೆ ಕಡೆಯವನು. “ಅಕ್ಕಾರ, ಶನಿವಾರ ನೀವು ಹೋದಮ್ಯಾಲೆ ಸಾಹೇಬ್ರು ಒಳಗ ಹೋಗಿ ಬಂದ್ ಮಾಡಿ ಬಂದ್ರು. ನಾ ಬಾಗಲದಾಗ ನಿಂತು ಕಣ್ಣಾರೆ ನೋಡೇನ್ರಿ. ಆದ್ರ ನನ್ನ ಹೆಸರು ತೆಗೀಬ್ಯಾಡ್ರಿ. ಮಕ್ಕಳು ಸಾಲಿಗೆ ಹೊಂಟಾವ.” ನಾನು ಅವನ ಹೆಸರು ತೆಗೆಯಲಿಲ್ಲ. ಅವನೂ ಊರು ಸೇರಿ ಎಷ್ಟೋ ಕಾಲವಾದ್ದರಿಂದ ಈಗ ಬರೆಯುತ್ತಿದ್ದೇನೆ.

ವಿಭಾಗದ ಮುಖ್ಯಸ್ಥೆಯ ಹುದ್ದೆ ನನಗೆ ಬರುವುದರಲ್ಲಿತ್ತು. ಅದು ನನ್ನ ಕೈಕೆಳಗೆ ಕಲಿತ ಮಂಜುನಾಥನಿಗೆ ಹೋಯಿತು. ನನ್ನನ್ನು ಬಿಡಿಭಾಗಗಳ ಗೋದಾಮಿಗೆ ಹಾಕಿದರು. ಹುದ್ದೆ ಹೋದರೆ ಹೋಗಲಿ. ಕಾರ್ಖಾನೆಯಲ್ಲಿ ಒಂದು ಮಾತು ಹುಟ್ಟಿಕೊಂಡಿತು. ಟಿಫಿನ್ ಕ್ಯಾರಿಯರನ್ನು ಬಸ್ಸಿನಲ್ಲೇ ಬಿಟ್ಟು ಬಂದವನು ತಲೆ ಚಚ್ಚಿಕೊಂಡು, “ಇವತ್ತು ಮೇಡಂ ತರ ಆಯ್ತು ಮಗಾ” ಎನ್ನುತ್ತಿದ್ದ. ಹಾಸ್ಟೆಲಿನಲ್ಲಿ ಒಂದು ಕರವಸ್ತ್ರವನ್ನೂ ಕಳೆದುಕೊಳ್ಳದ ನಾನು, ಮರೆಗುಳಿತನಕ್ಕೆ ಇನ್ನೊಂದು ಹೆಸರಾಗಿ ಆ ಗೋದಾಮಿನಿಂದಲೇ ನಿವೃತ್ತಳಾದೆ. ನನಗೆ ಬೇಕಾಗಿದ್ದದ್ದು ಒಂದೇ. ‘ಆಫ್ ಮಾಡಿದ್ದು ನಾನು’ ಎಂಬ ಮಾತು ಅವರ ಬಾಯಿಂದ, ನಾಲ್ಕು ಜನ ಕೇಳುವಂತೆ ಬರಬೇಕು.

ಕಾಯುವುದು ನನಗೆ ಕಷ್ಟವಲ್ಲ. ಟೆಸ್ಟಿಂಗ್ ಅಂದರೆ ಅದೇ ತಾನೆ.

ಅವರೂ ನಿವೃತ್ತರಾಗಿ ವೈಟ್‌ಫೀಲ್ಡಿನ ಎತ್ತರದ ಅಪಾರ್ಟ್‌ಮೆಂಟೊಂದಕ್ಕೆ ಹೋದರು. ಅಳಿಯನ ಸಹವಾಸದಿಂದ ವೈನ್ ಹಿಡಿಸಿತು. ನಂದಿಬೆಟ್ಟದ ಕಡೆಯ ದ್ರಾಕ್ಷಿ ತೋಟಗಳಿಗೆ ಹೋಗಿ ಬಾಟಲಿ ಕೊಂಡು ತರುವುದು, ಲೋಟ ಅಲ್ಲಾಡಿಸಿ ಮೂಸುವುದು ಎಲ್ಲ ಕಲಿತರು. ಒಂದು ದಿನ ಫೋನ್ ಬಂತು. ಅದೇ ಗತ್ತು.

“ಏನ್ ಮೇಡಂ, ಚೆನ್ನಾಗಿದೀರಾ? ನಿಮ್ಮಿಂದ ಒಂದು ಕೆಲಸ ಆಗ್ಬೇಕಲ್ಲಾ. ಮನೇಲಿ ವೈನ್ ಇಡೋಕೆ ಒಂದು ಕೂಲರ್ ತಗೋಬೇಕು. ಅಂಗಡಿಯವರನ್ನ ನಂಬೋ ಹಾಗಿಲ್ಲ. ಕೂಲಿಂಗ್ ವಿಷಯ ಅಂದ್ರೆ ನೀವೇ.”

ಹಳೆಯದು ಅವರಿಗೆ ನೆನಪೇ ಇರಲಿಲ್ಲವೋ, ನನಗೆ ನೆನಪಿರಲಾರದು ಎಂದುಕೊಂಡಿದ್ದರೋ ತಿಳಿಯದು. ನಾನು ಕೂಡಲೇ ಒಪ್ಪಿದೆ. ದಯೆಯಿಂದಲ್ಲ. ಮನುಷ್ಯ ತಾನಾಗಿಯೇ ನನ್ನ ಟೆಸ್ಟಿಂಗ್ ಕೋಣೆಯೊಳಗೆ ನಡೆದು ಬರುತ್ತಿದ್ದ.

ಹೋಗುವ ಮೊದಲು ವಿಷಯ ಓದಿಕೊಂಡೆ. ನಾನು ಕುಡಿಯುವವಳಲ್ಲ, ಆದರೆ ವೈನಿನ ಸ್ವಭಾವ ಓದಿದಾಗ ಅದರ ಮೇಲೆ ಗೌರವ ಬಂತು. ಬಿಯರಿಗೆ ಬರೀ ಚಳಿ ಸಾಕು. ವೈನಿಗೆ ಚಳಿಗಿಂತ ಮುಖ್ಯವಾಗಿ ಬದಲಾಗದ ಹವೆ ಬೇಕು. ಬೆಳಕು ಬೀಳಬಾರದು, ಅಲುಗಾಡಬಾರದು, ಬಿರಡೆ ಒಣಗದಂತೆ ಮಲಗಿರಬೇಕು, ದಿನವೂ ಒಂದೇ ತಂಪಿನಲ್ಲಿರಬೇಕು. ನಮ್ಮ ಹಾಸ್ಟೆಲಿಗೆ ಸೇರಿಸಬಹುದಾದ ಪದಾರ್ಥ.

ಪೀಣ್ಯದಲ್ಲಿ ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ನೇರಳೆಗೆ ಬದಲಾಯಿಸಿ ವೈಟ್‌ಫೀಲ್ಡಿಗೆ ಹೋದೆ. ಮನೆ ನೋಡಿಕೊಂಡ ಮೇಲೆ ಅವರು, ಅವರ ಹೆಂಡತಿ, ನಾನು ಮೂವರೂ ಷೋರೂಮಿಗೆ ಹೋದೆವು. ಅವರ ಹೆಂಡತಿ ಮೃದು ಮಾತಿನ ಹೆಂಗಸು. ಅವರಿಗಿದ್ದದ್ದು ಒಂದೇ ಚಿಂತೆ: “ದೇವರ ಮನೆ ಗೋಡೆಗೆ ಮಾತ್ರ ತಾಗಿಸಬೇಡಿ ಅಂತ ಹೇಳಿ ಇವರಿಗೆ. ನನ್ನ ಮಾತು ಕೇಳಲ್ಲ.”

ಮಾರುವ ಹುಡುಗಿ ಮೊದಲು ಒಂದು ಚಿಕ್ಕ ಪೆಟ್ಟಿಗೆ ತೋರಿಸಿದಳು. ಕಂಪ್ರೆಸರ್ ಇಲ್ಲ, ಸದ್ದೇ ಇಲ್ಲ ಎಂದಳು.

“ಬೇಡ” ಎಂದೆ. “ಇದು ಹೊರಗಿನ ಹವೆಗಿಂತ ಒಂದಿಷ್ಟು ಮಾತ್ರ ಇಳಿಸುತ್ತೆ. ಏಪ್ರಿಲ್‌ನಲ್ಲಿ ಇವರ ಮನೆ ಒಲೆ ಆಗುತ್ತೆ, ಪಡುವಣ ಬಿಸಿಲು. ಕಂಪ್ರೆಸರ್ ಇರೋದೇ ಬೇಕು.”

ಅವರು ಇನ್ನೊಂದನ್ನು ತಟ್ಟಿದರು. “ಇದನ್ನ ಅಡುಗೆ ಮನೆ ಕಟ್ಟೆ ಕೆಳಗೆ ಮರದ ಕಪಾಟಲ್ಲಿ ಕೂರಿಸಿಬಿಡ್ತೀನಿ. ಲುಕ್ ಬರುತ್ತೆ.”

“ಇದರ ಬಿಸಿ ಗಾಳಿ ಹಿಂದಿನಿಂದ ಹೋಗುತ್ತೆ ಸಾರ್. ಕಪಾಟಲ್ಲಿ ಕೂರಿಸಿದ್ರೆ ಉಸಿರು ಕಟ್ಟಿ ಸಾಯುತ್ತೆ. ಒಳಗೆ ಕೂರಿಸಬೇಕಾದ್ರೆ ಮುಂದೆ ಜಾಲರಿ ಇರೋದನ್ನ ತಗೋಬೇಕು. ಇಲ್ಲಾಂದ್ರೆ ಸುತ್ತ ಜಾಗ ಬಿಟ್ಟು ಹಾಲ್‌ನಲ್ಲಿಡಿ.”

ಅವರು ಹುಡುಗಿಯ ಕಡೆ ತಿರುಗಿ, “ನೋಡಮ್ಮ, ಇವರು ನನ್ನ ಕೈಕೆಳಗೆ ತಯಾರಾದೋರು” ಎಂದರು. ನಾನು ಮುಂದಿನ ಕೂಲರಿನ ಬಾಗಿಲು ತೆರೆದೆ.

ಬಾಗಿಲಿನ ಗಾಜು ಬಣ್ಣದ್ದಿರಬೇಕು, ಬೆಳಕು ತಡೆಯಬೇಕು ಎಂದು ಹೇಳಿದೆ. ಹಲಗೆಯ ಮೇಲೆ ದಪ್ಪ ಹೊಟ್ಟೆಯ ಬಾಟಲಿಯೊಂದನ್ನು ಮಲಗಿಸಿ ಬಾಗಿಲು ಮುಚ್ಚುತ್ತದೆಯೇ ಎಂದು ನೋಡಿದೆ. ಕೂಲರಿನ ಮೈ ಮೇಲೆ ಅಂಗೈಯಿಟ್ಟು ನಡುಕ ನೋಡಿದೆ. ಕೊನೆಗೆ ಎರಡು ಉಳಿದವು. ಆಗ ನಾನು ಹುಡುಗಿಯನ್ನು ಬೇಕೆಂದೇ ಗಟ್ಟಿಯಾಗಿ ಕೇಳಿದೆ: “ಆಫ್ ಮಾಡಿ ಆನ್ ಮಾಡಿದ್ರೆ ಇವು ತಾವಾಗಿ ಶುರುವಾಗ್ತವಾ?”

“ಈ ಬೂದು ಬಣ್ಣದ್ದು ಆಗುತ್ತೆ ಮೇಡಂ. ಎಷ್ಟಕ್ಕೆ ಇಟ್ಟಿದ್ವೋ ಅಷ್ಟಕ್ಕೇ ಬರುತ್ತೆ. ಈ ಕಪ್ಪು ಗಾಜಿಂದು ಮಾತ್ರ ಸುಮ್ನೆ ನಿಂತಿರುತ್ತೆ. ಮುಂದೆ ಇರೋ ಬಟನ್ ಒತ್ತಿ ಮತ್ತೆ ಸೆಟ್ ಮಾಡಬೇಕು.”

ಕಪ್ಪು ಗಾಜಿನದು ಚೆಲುವಾಗಿತ್ತು, ಕಾರಿನ ಹಾಗೆ ಹೊಳೆಯುತ್ತಿತ್ತು. ಅವರ ಕಣ್ಣು ಆಗಲೇ ಅದರ ಮೇಲಿತ್ತು.

“ಯಾವುದು ತಗೊಳ್ಳಲಿ ಮೇಡಂ?”

“ತಣ್ಣಗೆ ಎರಡೂ ಚೆನ್ನಾಗಿ ಮಾಡ್ತವೆ ಸಾರ್. ಆದರೆ ಕಪ್ಪನ್ನ ಒಂದು ಸಲ ಆಫ್ ಮಾಡಿದ್ರೆ ಆಯ್ತು, ಅದಕ್ಕೆ ಏನೂ ನೆನಪಿರಲ್ಲ. ಆಫ್ ಮಾಡೋ ಅಭ್ಯಾಸ ಇದ್ದೋರು ಬೂದು ತಗೋಬೇಕು. ಇಲ್ಲದೋರು ಯಾವುದು ಬೇಕಾದ್ರೂ ತಗೋಬಹುದು.”

ಅವರ ಹೆಂಡತಿ ಬಾಯಿ ತೆರೆದರು. ಅವರು ಕೈ ಎತ್ತಿ ತಡೆದರು. “ವೈನ್ ಇಟ್ಟಿರೋ ಕೂಲರನ್ನ ನಾನ್ಯಾಕ್ರೀ ಆಫ್ ಮಾಡ್ಲಿ? ತಲೆ ಕೆಟ್ಟಿದೆಯಾ ನನಗೆ? ಆ ಕಪ್ಪುದು ಪ್ಯಾಕ್ ಮಾಡಮ್ಮ.”

ಇದಕ್ಕಿಂತ ಹೆಚ್ಚು ಎಚ್ಚರಿಕೆ ಯಾರಿಗೂ ಯಾವ ಅಂಗಡಿಯಲ್ಲೂ ಸಿಕ್ಕಿರಲಾರದು. ಕೂಲರ್ ಮನೆಗೆ ಬಂದ ದಿನವೂ ನಾನು ಹೋದೆ. ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಸಾಗಿಸುವಾಗ ಅಲುಗಿದ ಕಂಪ್ರೆಸರಿನ ಎಣ್ಣೆ ಕೆಳಗಿಳಿಯುವವರೆಗೆ ಪ್ಲಗ್ ಹಾಕಲು ಬಿಡಲಿಲ್ಲ. ಹಾಲಿನಲ್ಲಿ, ದೇವರ ಮನೆಯಿಂದ ದೂರದ ಗೋಡೆಗೆ, ಗಾಳಿಯಾಡಲು ಜಾಗ ಬಿಟ್ಟು ಇಡಿಸಿದೆ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಆ ಪ್ಲಗ್ಗಿಗೆ ಇನ್ವರ್ಟರ್ ಲೈನ್ ಎಳೆಸಿದೆ. ಇನ್ನು ಕರೆಂಟ್ ಹೋದರೂ ಅದು ನಿಲ್ಲುವುದಿಲ್ಲ. ನಿಲ್ಲಬೇಕಾದರೆ ಮನುಷ್ಯನ ಬೆರಳೇ ಬೇಕು. ಒಳ್ಳೆಯ ಪರೀಕ್ಷೆಯ ಲಕ್ಷಣ ಅದು: ಉಳಿದೆಲ್ಲವನ್ನೂ ಭದ್ರಪಡಿಸಿ ಒಂದನ್ನು ಮಾತ್ರ ಬಿಡಬೇಕು. ಕೊನೆಗೆ ಚೀಲದಿಂದ ಕೆಂಪು ಚೀಟಿ ತೆಗೆದು ಸ್ವಿಚ್ಚಿಗೆ ಕಟ್ಟಿದೆ. ‘ಆಫ್ ಮಾಡಬೇಡಿ.’

ಅವರು ನಕ್ಕರು. “ನಿಮ್ಮ ಚೀಟಿ ಹುಚ್ಚು ಇನ್ನೂ ಹೋಗಿಲ್ಲ ನೋಡಿ.”

ಬಾಟಲಿಗಳು ತುಂಬಿದವು. ಸತ್ಯನಾರಾಯಣ ಪೂಜೆಗೆ ಬರುವ ಪುರೋಹಿತರ ಕಣ್ಣಿಗೆ ಅವು ಬೀಳಬಾರದೆಂದು ಅವರ ಹೆಂಡತಿ ಹಳೆಯ ಧರ್ಮಾವರಂ ಸೀರೆಯನ್ನು ಕತ್ತರಿಸಿ ಗಾಜಿನ ಬಾಗಿಲಿಗೆ ಪರದೆ ಹೊಲಿದರು. ಗರ್ಭಗುಡಿಗೆ ಹಾಕುವ ತೆರೆಯಂತೆ ಜರಿ ಅಂಚಿನ ಪರದೆ. ಬಟ್ಟೆ ಗಾಳಿಯ ದಾರಿಗೆ ಅಡ್ಡ ಬರುವುದಿಲ್ಲವೆಂದು ಖಚಿತಪಡಿಸಿಕೊಂಡು ಸರಿ ಎಂದೆ.

ಮುಂದಿನ ಬೇಸಿಗೆಯಲ್ಲಿ ದಂಪತಿಗಳು ಪುಣೆಗೆ, ಮಗಳ ಮನೆಗೆ ಹೋದರು. ಮಾವಿನ ಕಾಲ ಮುಗಿಯುವ ಹೊತ್ತಿಗೆ ಮರಳಿ ಬಂದು, ಹಳೆಯ ಕಾರ್ಖಾನೆಯವರನ್ನು ಭಾನುವಾರದ ಊಟಕ್ಕೆ ಕರೆದರು. ಮಂಜುನಾಥ ಬಂದಿದ್ದ, ಅವನ ತಲೆಯೂ ಈಗ ಬೆಳ್ಳಗೆ. ಆ ಸೋಮವಾರ ನನ್ನ ಕೈಯಲ್ಲಿ ಚಮಚ ನೋಡಿದ್ದವರು ಇನ್ನೂ ಕೆಲವರು ಬಂದಿದ್ದರು. ನಾನು ಎಲ್ಲರಿಗಿಂತ ಮೊದಲೇ ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ.

“ಬನ್ನಿ, ಬನ್ನಿ. ದರ್ಶನ ಮಾಡಿಸ್ತೀನಿ” ಎಂದು ಅವರು ಎಲ್ಲರನ್ನೂ ಕೂಲರಿನ ಮುಂದೆ ನಿಲ್ಲಿಸಿ ಪರದೆ ಸರಿಸಿದರು.

ಒಳಗೆ ಕತ್ತಲು. ಸ್ವಿಚ್ಚು ಆನ್ ಆಗಿಯೇ ಇತ್ತು. ಆದರೆ ಯಂತ್ರ ಸುಮ್ಮನೆ ನಿಂತಿತ್ತು, ಯಾರೋ ಬಂದು ಬಟನ್ ಒತ್ತಲಿ ಎಂದು. ಬಾಗಿಲು ತೆರೆದರೆ ಮುಚ್ಚಿಟ್ಟ ಪೆಟ್ಟಿಗೆಯ ಸೆಕೆ ಮುಖಕ್ಕೆ ಹೊಡೆಯಿತು. ಒಂದೆರಡು ಬಾಟಲಿಗಳ ಬಿರಡೆ ಹೊರಗೆ ತಳ್ಳಿಕೊಂಡು ಬಂದು, ಹಲಗೆಯ ಮೇಲೆ ಕೆಂಪು ಅಂಟು ಸೋರಿ ಒಣಗಿತ್ತು. ಅವರು ಆತುರದಿಂದ ಒಂದನ್ನು ತೆಗೆದು ಲೋಟಕ್ಕೆ ಸುರಿದು ಮಂಜುನಾಥನಿಗೆ ಕೊಟ್ಟರು. ಮಂಜುನಾಥ ಒಂದು ಗುಟುಕು ಕುಡಿದು ಮುಖ ಹಿಂಡಿದ.

“ಸಾರ್, ಇದೇನು ಹಳಸಿದ ಹುಣಸೆ ಗೊಜ್ಜಿನ ತರ ಇದೆಯಲ್ಲಾ!”

ಅವರು ಸುತ್ತಮುತ್ತ ನೋಡಿದರು. ನನಗೆ ಆ ನೋಟ ಚೆನ್ನಾಗಿ ಗೊತ್ತು. ಅದು ನನ್ನನ್ನು ದಾಟಿ, ಮಂಜುನಾಥನನ್ನು ದಾಟಿ, ಅಡುಗೆ ಮನೆಯ ಬಾಗಿಲಲ್ಲಿ ತಟ್ಟೆ ಒರೆಸುತ್ತಿದ್ದ ಕೆಲಸದ ಯಲ್ಲಮ್ಮನ ಮೇಲೆ ನಿಂತಿತು.

“ಬಾ ಇಲ್ಲಿ. ಗುಡಿಸುವಾಗ ಇದನ್ನ ಆಫ್ ಮಾಡಿದೀಯಾ ತಾನೆ?”

“ಇಲ್ರೀ ಯಪ್ಪಾ. ಆ ಕೆಂಪು ಚೀಟಿ ನೋಡಿ ನಾ ಅದರ ಹತ್ರಾನೂ ಹೋಗಂಗಿಲ್ರೀ.”

“ಮಾಡಿ ಮರೆತಿದೀಯ. ಎಲ್ಲರ ಮುಂದೆ ಒಪ್ಕೋ. ಇಲ್ಲಾಂದ್ರೆ ನಾಳೆಯಿಂದ ಬರಬೇಡ.”

ಯಲ್ಲಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ನಾನು ಎದ್ದು ನಿಂತೆ.

“ಸಾರ್, ನೀವು ಪುಣೆಯಲ್ಲಿದ್ದಾಗ ಮನೆ ಕೀ ಯಾರ ಹತ್ರ ಇತ್ತು?”

“ನನ್ನ ಹತ್ರಾನೇ. ಯಾಕೆ?”

“ಯಲ್ಲಮ್ಮ ಒಳಗೆ ಬಂದಿದ್ದಳಾ?”

“ಬೀಗ ಹಾಕಿದ್ಮೇಲೆ ಹೇಗೆ ಬರ್ತಾಳೆ?”

“ಹೊರಡೋ ದಿನ ಮನೆಯಿಂದ ಕೊನೆಗೆ ಹೊರಗೆ ಬಂದೋರು ಯಾರು?”

ಉತ್ತರ ಅವರ ಹೆಂಡತಿಯಿಂದ ಬಂತು. ಬಹಳ ಮೆಲ್ಲಗೆ. “ಇವರೇ. ನಾನು ಲಿಫ್ಟ್ ಹತ್ರ ನಿಂತಿದ್ದೆ. ‘ಎಲ್ಲಾ ಆಫ್ ಮಾಡಿ ಬಂದೆ’ ಅಂದ್ರು. ವಾಪಸ್ ಬಂದ ದಿನ ಎಲ್ಲಾ ಆನ್ ಮಾಡಿದ್ದೂ ಇವರೇ.”

ಅವರು ನಗಲು ನೋಡಿದರು. “ವಯಸ್ಸಾಯ್ತಲ್ಲ ಮೇಡಂ. ಮರೆತಿರಬೇಕು.”

ಆ ಪದವನ್ನು ಅವರಿಗೆ ಬಿಟ್ಟುಕೊಡಲು ನಾನು ಸಿದ್ಧಳಿರಲಿಲ್ಲ. ಅದನ್ನು ಹೊತ್ತು ಓಡಾಡಿದವಳು ನಾನು.

“ಮರೆತದ್ದಲ್ಲ ಸಾರ್. ಚೀಟಿ ಕಣ್ಮುಂದೇ ಇತ್ತು. ಆ ಶನಿವಾರವೂ ಇತ್ತು, ಪಿಸ್ತಾ ಐಸ್‌ಕ್ರೀಮ್ ಇಟ್ಟಿದ್ದ ಫ್ರೀಜರ್ ಮೇಲೆ. ನಾನು ಹೋದ ಮೇಲೆ ಒಳಗೆ ಬಂದೋರು ನೀವು. ಹೇಳಿ, ಆಫ್ ಮಾಡಿದ್ದು ಯಾರು?”

“ನಾನೇ ಕಣ್ರೀ, ನಾನೇ ಆಫ್ ಮಾಡಿದ್ದು. ಏನೀಗ?” ಎಂದು ರೇಗಿದರು.

“ಈ ಕೂಲರಾ ಸಾರ್, ಆವತ್ತಿನ ಫ್ರೀಜರಾ?”

ಅವರು ಕೂಲರಿನ ಪರದೆ ಎಳೆದು ಮುಚ್ಚಿದರು. ಮಂಜುನಾಥ ನೆಲ ನೋಡುತ್ತಿದ್ದ. ನಾನು ಬಾಟಲಿ ಎತ್ತಿಕೊಂಡು ಇನ್ನೊಂದು ಲೋಟಕ್ಕೆ ಸುರಿದೆ. ತುಂಬ ಸುರಿಯಲಿಲ್ಲ. ಚೆಲ್ಲದ ಹಾಗೆ, ಅಳತೆಗೆ ಸರಿಯಾಗಿ ಸುರಿದು ಅವರ ಕೈಗೆ ಕೊಟ್ಟೆ.

“ತಗೊಳ್ಳಿ ಸಾರ್. ನಿಮ್ಮ ಕೆಲಸದ ರುಚಿ ನೀವೇ ನೋಡಿ.”

ಹಳೆಯ ಮಾತು ಅವರಿಗೆ ನೆನಪಿತ್ತು. ಅವರು ಕುಡಿದರು. ಪೂರ್ತಿ. ಈ ಸಲ ಯಾರೂ ಕಿಸಕ್ಕೆನ್ನಲಿಲ್ಲ. ಯಲ್ಲಮ್ಮ ಮಾತ್ರ ಬಾಯಿಯಿಂದ ಸೆರಗು ತೆಗೆದು, ಒಳಗೆ ಹೋಗಿ ಒಬ್ಬಟ್ಟು ಬಿಸಿ ಮಾಡಲು ಶುರುಮಾಡಿದಳು. ನಾನು ಊಟ ಮಾಡಿಯೇ ಬಂದೆ. ಒಬ್ಬಟ್ಟು ಚೆನ್ನಾಗಿತ್ತು.

ಆಮೇಲೆ ಅವರು ನನಗೆ ಫೋನ್ ಮಾಡಲಿಲ್ಲ. ‘ಆವತ್ತು ಫ್ರೀಜರ್ ಆಫ್ ಮಾಡಿದ್ದೂ ನಾನೇ’ ಎಂಬ ಮಾತು ಬಾಕಿ ಉಳಿಯಿತು. ಒಂದು ದಿನ ಕೇಳಿಯೇ ತೀರುತ್ತೇನೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಮಂಜುನಾಥನ ಫೋನ್ ಬಂತು: “ಮೇಡಂ, ಸಾರ್ ಹೋಗ್ಬಿಟ್ರು. ಬೆಳಿಗ್ಗೆ ಹಾರ್ಟ್ ಅಟ್ಯಾಕ್.”

ನನಗೆ ದುಃಖವಾಗಲಿಲ್ಲ. ತಪ್ಪಿಸಿಕೊಂಡರಲ್ಲ ಎಂದು ಸಿಟ್ಟು ಬಂತು. ಅದೇ ಸಿಟ್ಟಿನಲ್ಲಿ ಸೀರೆಯ ನೆರಿಗೆ ಸರಿಯಾಗಿ ಹಿಡಿದು, ಮೆಟ್ರೋ ಹತ್ತಿದೆ.

ಮಗಳು ಪುಣೆಯಿಂದ ಬರುವವರೆಗೆ ದೇಹವನ್ನು ಫ್ರೀಜರ್ ಬಾಕ್ಸಿನಲ್ಲಿ ಇಟ್ಟಿದ್ದರು. ಬಾಡಿಗೆಗೆ ತರುವ, ಮೇಲೆ ಗಾಜಿನ ಮುಚ್ಚಳವಿರುವ ಪೆಟ್ಟಿಗೆ. ಹಾಲಿನಲ್ಲಿ ವೈನ್ ಕೂಲರನ್ನು ಬದಿಗೆ ಸರಿಸಿ ಆ ಪ್ಲಗ್ಗಿಗೇ ಅದನ್ನು ಹಾಕಿದ್ದರು. ಅದೇ ಸ್ವಿಚ್ಚು. ನನ್ನ ಕೆಂಪು ಚೀಟಿ ಅಲ್ಲೇ ನೇತಾಡುತ್ತಿತ್ತು.

ಯಾವ ತಂಪು ಪೆಟ್ಟಿಗೆಯನ್ನು ಕಂಡರೂ ನನ್ನ ಕೈ ಸುಮ್ಮನಿರುವುದಿಲ್ಲ. ಗಾಳಿಯ ಜಾಲರಿಯ ಮೇಲೆ ಯಾರೋ ಹಾರ ಇಳಿಬಿಟ್ಟಿದ್ದರು, ಯಂತ್ರ ಏದುಸಿರು ಬಿಡುತ್ತಿತ್ತು. ಹಾರ ಸರಿಸಿದೆ. ಅಂಗೈಯಿಟ್ಟು ನಡುಕ ನೋಡಿದೆ. ಆಮೇಲೆ ಸ್ವಿಚ್ಚಿನ ಪಕ್ಕದ ಕುರ್ಚಿಯಲ್ಲಿ ಕೂತೆ. ಬಂದವರು ಅವರ ಗುಣಗಳನ್ನು ಹೇಳುತ್ತಿದ್ದರು. “ಒಂದು ಲೈಟು ಸುಮ್ನೆ ಉರಿಯೋಕೆ ಬಿಟ್ಟೋರಲ್ಲ” ಎಂದು ಒಬ್ಬರು ಕಣ್ಣೊರೆಸಿಕೊಂಡರು. ಸ್ವಿಚ್ಚು ನನ್ನ ಮೊಣಕೈಯ ಹತ್ತಿರವೇ ಇತ್ತು. ಗಾಜಿನ ಕೆಳಗೆ ಆ ಬೆರಳು ಈಗಲೂ ಸ್ವಲ್ಪ ಮುಂದಕ್ಕೆ ಚಾಚಿಕೊಂಡಿತ್ತು. ನಾನು ಅದನ್ನೇ ನೋಡುತ್ತ ಕೂತೆ. ದುಃಖದಿಂದ ಕೂತಿದ್ದೇನೆ ಎಂದುಕೊಂಡು ಯಾರೋ ನನಗೆ ಕಾಫಿ ತಂದುಕೊಟ್ಟರು.

ಮಧ್ಯಾಹ್ನ ಮಗಳು ಬಂದಳು. ದೇಹವನ್ನು ಎತ್ತಿ ಚಟ್ಟದ ಮೇಲಿಟ್ಟರು. ಪೆಟ್ಟಿಗೆ ಖಾಲಿಯಾಗಿ ಓಡುತ್ತಲೇ ಇತ್ತು. ಅವರ ಹೆಂಡತಿ ಜನರ ನಡುವೆ ನನ್ನನ್ನು ಹುಡುಕಿದರು.

“ಮೇಡಂ, ಅದನ್ನ ನೀವೇ ನೋಡ್ಕೊಳ್ತೀರಾ? ನೀವು ಮರೆಯೋರಲ್ಲ.”

ಹಾಲಿನ ತುಂಬ ನಮ್ಮ ಕಾರ್ಖಾನೆಯವರು. ಆ ಮಾತನ್ನು ಎಲ್ಲರೂ ಕೇಳಿದರು. ನಾನು ಎದ್ದು ನಿಂತು ಕೆಂಪು ಚೀಟಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಸ್ವಿಚ್ಚಿನ ಮೇಲೆ ಬೆರಳಿಟ್ಟೆ. ಟೆಸ್ಟಿಂಗ್ ಕೋಣೆಯಲ್ಲಿ ಕೂಗುತ್ತಿದ್ದ ಅದೇ ದನಿಯಲ್ಲಿ ಕೂಗಿದೆ.

“ಆಫ್ ಮಾಡ್ತೀನಿ!”

ಅಳುತ್ತಿದ್ದವರು ತಿರುಗಿ ನೋಡಿದರು. ಬಾಗಿಲ ಬಳಿ ಚಟ್ಟಕ್ಕೆ ಹೆಗಲು ಕೊಟ್ಟು ನಿಂತಿದ್ದ ಮಂಜುನಾಥ ತಲೆ ಎತ್ತಿದ. ಹಳೆಯ ಅಭ್ಯಾಸ, ಬಾಯಿಂದ ತಾನಾಗಿ ಬಂತು.

“ಮಾಡಿ ಮೇಡಂ!”

ಒತ್ತಿದೆ. ಆಫ್ ಮಾಡಿದ್ದು ನಾನು. ಯಾರು ಬೇಕಾದರೂ ಕೇಳಬಹುದು.